ಗಟ್ಟಿಯಾಗಿ ಓದುತ್ತಿದ್ದವಳು

ನನ್ನ ಹೆಂಡತಿ ತೀರಿಕೊಂಡ ಇಪ್ಪತ್ತೆರಡನೆಯ ದಿನ ಶಾಲೆಯಿಂದ ಕರೆ ಬಂತು. ಮಗ ಬಸ್ಸು ಓಡಿಸಲು ಹೋಗಿದ್ದ, ಸೊಸೆ ಬೇಕರಿಯಲ್ಲಿದ್ದಳು, ಮನೆಯಲ್ಲಿದ್ದವನು ನಾನೊಬ್ಬನೇ. ಬೆಳಗಿನ ಪ್ರಾರ್ಥನೆ ಮುಗಿಸಿ ಆಕೆಯ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದೆ. ಅದನ್ನು ಅಲ್ಲಿಗೇ ಬಿಟ್ಟು, ಬೇರೆ ಶರ್ಟು ಹಾಕಿಕೊಂಡು, ಮೂರು ಬೀದಿ ನಡೆದು ಶಾಲೆಗೆ ಹೋದೆ.

ಮೊಮ್ಮಗಳಿಗೆ ಹದಿಮೂರು ವರ್ಷ, ಎಂಟನೆಯ ತರಗತಿ. ಪಾಠಗಳನ್ನು ಒಂದು ಪದ ಬಿಡದೆ ಒಪ್ಪಿಸುತ್ತಿದ್ದಳೆಂದು ಅವಳ ಅಜ್ಜಿ ಅವಳನ್ನು ‘ರೇಡಿಯೋ’ ಎಂದು ಕರೆಯುತ್ತಿದ್ದಳು. ಮನೆಯವರಿಗೆಲ್ಲ ಅದೇ ರೂಢಿಯಾಗಿತ್ತು.

ಭಾಷೆ ಕಲಿಸುವ ಟೀಚರು ಕುರ್ಚಿ ಎಳೆದುಕೊಟ್ಟರು. ಮೇಜಿನ ಮೇಲೆ ಒಂದು ಹಾಳೆಯಿತ್ತು. ಅರ್ಧ ಪುಟ ಅಚ್ಚು, ಅದರ ಕೆಳಗೆ ಐದು ಪ್ರಶ್ನೆ, ಪ್ರಶ್ನೆಗಳ ಕೆಳಗೆ ಖಾಲಿ ಗೆರೆಗಳು.

“ಇದು ಪುಸ್ತಕದಲ್ಲಿರೋ ಪಾಠ ಅಲ್ಲ ಸರ್. ಮಕ್ಕಳು ಮುಂಚೆ ನೋಡಿರದೇ ಇರೋದು. ನಿಮ್ಮ ಮೊಮ್ಮಗಳು ಒಂದು ಪ್ರಶ್ನೆಗೂ ಉತ್ತರ ಬರೆದಿಲ್ಲ.”

“ಮನೇಲಿ ಸಾವಾಗಿದೆ ಕಣಮ್ಮ. ಮಗೂ ಮನಸ್ಸು ನೆಟ್ಟಗಿಲ್ಲ.”

“ನಾನೂ ಹಾಗೇ ಅಂದ್ಕೊಂಡೆ. ಪಕ್ಕದಲ್ಲಿ ಕೂರಿಸ್ಕೊಂಡು, ಓದು ಪುಟ್ಟ ಅಂದೆ. ಹಾಳೆ ನೋಡ್ತಾನೇ ಬೇರೆ ಯಾವುದೋ ಪಾಠ ಹೇಳೋಕೆ ಶುರು ಮಾಡಿದ್ಲು. ಒಂದು ತಪ್ಪಿಲ್ಲ. ಆದ್ರೆ ಹಾಳೇಲಿ ಇರೋದು ಅದಲ್ಲ.” ಟೀಚರು ಹಾಳೆಯನ್ನು ನನ್ನತ್ತ ಸರಿಸಿದರು: “ಅವಳಿಗೆ ಓದೋಕೆ ಬರಲ್ಲ ಸರ್.”

ಅವರು ಜಂಭದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವರ ಕಣ್ಣಿನಲ್ಲಿ ನೀರಿತ್ತು. ತರಗತಿಯ ನಲವತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಹೀಗೇ ಇದ್ದಾರಂತೆ. ಉಳಿದ ಎಂಟು ಮಂದಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುವವರು; ಅವರದು ಮೊದಲೇ ಗೊತ್ತಿತ್ತು. “ಇವಳು ಎಲ್ಲರಿಗಿಂತ ಮುಂಚೆ ಕೈ ಎತ್ತೋಳು. ನಾನು ನೋಡಲೇ ಇಲ್ಲ. ತಪ್ಪು ನಂದೂ ಇದೆ.”

ಏಳು ವಾರ ಕಳೆದ ಮೇಲೆ ಓದುವ ಪರೀಕ್ಷೆ. ನೋಡಿರದ ಒಂದು ಪುಟವನ್ನು ಓದಿ, ಅದರಲ್ಲಿ ಏನಿದೆಯೆಂದು ಹೇಳಲಾಗದವರನ್ನು ಆರನೆಯ ತರಗತಿಯಲ್ಲಿ ಕೂರಿಸಬೇಕೆಂದು ಶಾಲೆ ತೀರ್ಮಾನಿಸಿತ್ತು.

“ಎರಡು ವರ್ಷ ಹಿಂದಕ್ಕಾ?”

“ಹೂಂ. ಈ ವಯಸ್ಸಿನ ಹುಡುಗೀರನ್ನ ಚಿಕ್ಕ ಮಕ್ಕಳ ಜೊತೆ ಕೂರಿಸಿದ್ರೆ ನಾಲ್ಕು ದಿನ ಬರ್ತಾರೆ. ಐದನೇ ದಿನ ಶಾಲೆ ಬಿಟ್ಟುಬಿಡ್ತಾರೆ. ಅದಕ್ಕೇ ನಿಮ್ಮನ್ನ ಕರೆಸಿದ್ದು.”

ದಾರಿಯುದ್ದಕ್ಕೂ ಒಂದೇ ಯೋಚನೆ: ನಮ್ಮ ಮನೆಯಲ್ಲಿ ಇದು ಹೇಗಾಯಿತು?

ನಾನೂ ನನ್ನ ಹೆಂಡತಿಯೂ ಒಂದೇ ಮುದ್ರಣಾಲಯದಲ್ಲಿ ದುಡಿದವರು. ನಾನು ಪ್ರೂಫ್ ತಿದ್ದುವವನು. ಆಕೆ ನನ್ನೆದುರು ಕುಳಿತು ಮೂಲ ಬರಹವನ್ನು ಗಟ್ಟಿಯಾಗಿ ಓದುವವಳು. ಆಕೆ ಓದಿದಂತೆ ನಾನು ಅಚ್ಚಾದ ಹಾಳೆಯ ಮೇಲೆ ಕಣ್ಣು ಹಾಯಿಸಿ ತಪ್ಪು ಹಿಡಿಯಬೇಕು. ಚಿಹ್ನೆಗಳನ್ನೂ ಬಿಡುವಂತಿರಲಿಲ್ಲ: “ಬಾಗಿಲು ತೆರೆದ ಕಾಮಾ ಹೊರಗೆ ಯಾರೂ ಇರಲಿಲ್ಲ ಫುಲ್‌ಸ್ಟಾಪ್.” ನಾನು “ನಿಲ್ಲಿ” ಎಂದರೆ ಮಾತ್ರ ನಿಲ್ಲಬೇಕು. ಹೀಗೆ ಇಪ್ಪತ್ತಾರು ವರ್ಷ. ನಿವೃತ್ತಿಯಾದ ಮೇಲೆ ಆ ಕಂಠ ಮೊಮ್ಮಗಳ ಪಾಲಿಗೆ ಬಂತು. ರೋಗ ಹರಡಿ ಶಾಲೆಗಳು ಮುಚ್ಚಿದ್ದ ಆ ಎರಡು ವರ್ಷ ಮಗು ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ಕಾಲ. ಫೋನಿನ ಪಾಠ ಅರ್ಧ ಕೇಳಿಸುವುದು, ಅರ್ಧ ಕಡಿದುಹೋಗುವುದು. ಅಜ್ಜಿ ಪುಸ್ತಕವನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಬಟಾಣಿ ಸುಲಿಯುತ್ತ, ಪಾಠವನ್ನೆಲ್ಲ ಓದಿ ಹೇಳುವಳು. ಶಾಲೆ ತೆರೆದ ಮೇಲೂ ಅದು ನಿಲ್ಲಲಿಲ್ಲ. ಮಗು ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದು, ಕಾಮಾ ಫುಲ್‌ಸ್ಟಾಪ್ ಸಮೇತ. ಫುಲ್‌ಸ್ಟಾಪ್ ಕೂಡ ಹೇಳುತ್ತಾಳೆಂದರೆ ಪುಸ್ತಕ ನೋಡಿ ಓದಿದ್ದಾಳೆ ಎಂದೇ ನಾನು ನಂಬಿದ್ದೆ. ಮುದ್ರಣಾಲಯದವರ ಮನೆಯಲ್ಲದೆ ಬೇರೆಲ್ಲೂ ಇಂಥ ಮೋಸ ಆಗುತ್ತಿರಲಿಲ್ಲ.

ಅಕ್ಷರ ಅವಳಿಗೆ ಗೊತ್ತಿತ್ತು. ಒಂದೊಂದೇ ಪದವನ್ನು ತಡವಿ ಹೇಳಬಲ್ಲವಳಾಗಿದ್ದಳು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತಿತ್ತು, ಅಷ್ಟೆ. ಪರೀಕ್ಷೆಯಲ್ಲಿ ಪ್ರಶ್ನೆಯ ಮೊದಲೆರಡು ಪದ ಗುರುತು ಹಿಡಿದು, ಉತ್ತರವನ್ನು ನೆನಪಿನಿಂದ ಬರೆದುಬಿಡುತ್ತಿದ್ದಳು.

ಸಂಜೆ ಊಟಕ್ಕೆ ಕುಳಿತಾಗ ವಿಷಯ ಹೇಳಿದೆ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬೇಕರಿಯಿಂದ ಸೊಸೆ ತಂದ ಬ್ರೆಡ್ಡು. ಮಗನ ಕೈ ತಟ್ಟೆಯ ಮೇಲೆ ನಿಂತಿತು.

“ಓದೋಕೆ ಬರಲ್ಲ ಅಂದ್ರೆ? ಎಂಟನೇ ಕ್ಲಾಸು!”

“ಬರುತ್ತೆ, ನಿಧಾನಕ್ಕೆ,” ಎಂದಳು ರೇಡಿಯೋ, ತಟ್ಟೆ ನೋಡುತ್ತ.

“ಎಲ್ಲಾ ಆ ಫೋನಿಂದ. ಇಡೀ ದಿನ ವಿಡಿಯೋ. ನೀನು ತಾಯಿ ಆಗಿ ನೋಡ್ಬಾರ್ದಾ?”

ಸೊಸೆ ಚಾಕು ಕೆಳಗಿಟ್ಟಳು. “ರೀ, ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಮುಂದೆ ನಿಲ್ಲೋಳು. ನೀವು ಯಾವತ್ತಾದ್ರೂ ಅವಳ ಪುಸ್ತಕ ತೆಗೆದು ನೋಡಿದೀರಾ? ನೀವು ಕೊನೇ ಸಲ ಒಂದು ಪುಟ ಓದಿದ್ದು ಯಾವಾಗ?”

“ದಿನಾ ಓದ್ತೀನಿ. ಬಸ್ಸಿನ ಬೋರ್ಡು.”

“ಅದೂ ಇಪ್ಪತ್ತು ವರ್ಷದಿಂದ ಒಂದೇ ಬೋರ್ಡು! ಅತ್ತೆ ಇವಳನ್ನ ಅತಿ ಮುದ್ದು ಮಾಡಿ…” ಎನ್ನುತ್ತಿದ್ದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

“ಅಜ್ಜೀನ ಅನ್ಬೇಡಿ!” ರೇಡಿಯೋ ಎದ್ದು ನಿಂತಳು. “ನಂಗೇನು ಬೇಕಾದ್ರೂ ಅನ್ನಿ. ಅಜ್ಜೀನ ಅನ್ಬೇಡಿ.” ತಿನ್ನದ ಮೊಟ್ಟೆಯನ್ನು ಬಿಟ್ಟು ಒಳಗೆ ಹೋದಳು.

“ಇನ್ಮೇಲೆ ನಾನು ಓದಿಸ್ತೀನಿ,” ಎಂದೆ. “ಅದು ನನ್ನ ಕೆಲಸ.”

ಮಾರನೆಯ ದಿನವೇ ಶುರು ಮಾಡಿದೆ. ನಮ್ಮ ಮುದ್ರಣಾಲಯದಲ್ಲಿ ಅಚ್ಚಾದ, ಹಡಗಿನ ಪ್ರಯಾಣದ ಒಂದು ತೆಳ್ಳನೆಯ ಪುಸ್ತಕ ಕಪಾಟಿನಲ್ಲಿತ್ತು. ಶಾಲೆಯಿಂದ ಬಂದು ಹಾಲು ಕುಡಿದ ಕೂಡಲೇ ಅವಳನ್ನು ಕೂರಿಸುತ್ತಿದ್ದೆ. ಅವಳು ಬೆರಳಿಟ್ಟು ಓದುವಳು. ನಾನು ಪೆನ್ಸಿಲ್ ಹಿಡಿದು ಎದುರು ಕೂರುವೆನು. ಅವಳು ತಪ್ಪಿದಳೆಂದರೆ ಪೆನ್ಸಿಲ್ಲಿನಿಂದ ಮೇಜನ್ನು ಕುಟ್ಟುವೆನು. “ಮತ್ತೆ.” “ಅದಲ್ಲ, ಮತ್ತೆ.” “ಒತ್ತು ಎಲ್ಲಿ ಹೋಯ್ತು? ಮತ್ತೆ.” ಮೊದಲ ದಿನ ಆರು ಸಾಲು ಓದಿದಳು. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಹೊಟ್ಟೆನೋವು ಎಂದಳು. ಒಂದು ವಾರದ ಕೊನೆಗೆ, ನಾನು ಪುಸ್ತಕ ತೆಗೆಯುವ ಸದ್ದಾದರೆ ಸಾಕು, ಬಟ್ಟೆ ಒಣಗಿಸುವ ಮಹಡಿಗೆ ಓಡುತ್ತಿದ್ದಳು.

ಸೊಸೆ ಪಾತ್ರೆ ತೊಳೆಯುತ್ತ ಹೇಳಿದಳು, “ಮಾವ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಅವಳಿಗೆ ಓದೋದು ಕಲಿಸ್ತಾ ಇಲ್ಲ. ಅವಳ ಪ್ರೂಫ್ ತಿದ್ದುತಾ ಇದೀರಿ.”

“ತಪ್ಪಿದ್ರೆ ತಿದ್ದಬೇಡ್ವೇನಮ್ಮ?”

“ನಮ್ಮಲ್ಲಿ ಹಿಟ್ಟು ನಾದೋಕೆ ಹೊಸ ಹುಡುಗೀರು ಬರ್ತಾರೆ. ಮೊದಲನೇ ದಿನಾನೇ ಬ್ರೆಡ್ಡು ಸೊಟ್ಟ ಆಯ್ತು ಅಂತ ಬೈದ್ರೆ ಎರಡನೇ ದಿನ ಬರಲ್ಲ. ಸೊಟ್ಟ ಬ್ರೆಡ್ಡು ನಾವೇ ತಿಂದ್ಕೋತೀವಿ.”

“ನೀನು ತರೋ ಬ್ರೆಡ್ಡೆಲ್ಲ ಸೊಟ್ಟಗಿರೋದು ಅದಕ್ಕೇನಾ?”

“ಮತ್ತೆ? ಪುಕ್ಕಟೆ ಸಿಗೋದು ನೆಟ್ಟಗೆ ಬೇರೆ ಇರಬೇಕಾ ನಿಮಗೆ?”

ನಗು ಬಂತಾದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಸಂಜೆ ನಾನೇ ಮಹಡಿ ಹತ್ತಿದೆ. ರೇಡಿಯೋ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಹಿಂದೆ ಸರಿದಳು. “ಪುಸ್ತಕ ತಂದಿಲ್ಲ,” ಎಂದು ಎರಡೂ ಕೈ ತೋರಿಸಿದೆ. ದೊಡ್ಡ ಹಾಸಿಗೆ ಬಟ್ಟೆಯ ಎರಡು ತುದಿ ಅವಳು ಹಿಡಿದಳು, ಎರಡು ನಾನು ಹಿಡಿದೆ. ಮಡಿಸುತ್ತ ಹತ್ತಿರ ಬಂದಾಗ ಅವಳು ಹೇಳಿದಳು:

“ಅಜ್ಜಿಗೆ ಗೊತ್ತಿತ್ತು ತಾತ.”

“ಯಾವಾಗಿಂದ?”

“ರಜದಿಂದ. ಕನ್ನಡಕ ಸಿಗ್ತಿಲ್ಲ, ಔಷಧಿ ಚೀಟಿ ಓದು ಅಂದ್ಲು. ನಂಗೆ ಬರಲಿಲ್ಲ. ಅಜ್ಜಿ ಅತ್ತುಬಿಟ್ಲು. ನಾನೇ ನಿನ್ನ ಕಣ್ಣು ಕಿತ್ಕೊಂಡೆ ಕಣೇ ಅಂದ್ಲು. ತಾತನಿಗೆ ಹೇಳ್ತೀನಿ, ಅವರು ಕಲಿಸ್ತಾರೆ ಅಂದ್ಲು. ನಾನೇ ಬೇಡ ಅಂದೆ. ಆಣೆ ಮಾಡಿಸ್ಕೊಂಡೆ.”

“ಯಾಕೆ ಕಂದ?”

ಅವಳು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನೀವು ತಪ್ಪು ಹುಡುಕ್ತೀರಿ ಅಂತ. ಅಜ್ಜಿನೂ ಹೂಂ ಅಂದ್ಲು. ಮೊದಲನೇ ವರ್ಷ ನಿಮ್ಮೆದುರು ಓದುವಾಗ ಅಜ್ಜಿ ಕೈ ನಡುಗ್ತಿತ್ತಂತೆ. ಕಾಗದ ಅಲ್ಲಾಡೋದು ಕಾಣಬಾರದು ಅಂತ ಮೇಜಿನ ಮೇಲಿಟ್ಟು ಓದ್ತಿದ್ದಳಂತೆ.”

ಕಾಗದವನ್ನು ಆಕೆ ಮೇಜಿನ ಮೇಲಿಟ್ಟೇ ಓದುತ್ತಿದ್ದುದು ನಿಜ. ಅದು ಆಕೆಯ ಅಚ್ಚುಕಟ್ಟುತನವೆಂದು ನಾನು ತಿಳಿದಿದ್ದೆ.

ಬಟ್ಟೆಯ ರಾಶಿಯನ್ನು ಹೊತ್ತು ಕೆಳಗಿಳಿದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕುಳಿತಾಗ ಬಾಯಿಗೆ ಪ್ರಾರ್ಥನೆಯೇ ಬರಲಿಲ್ಲ. ಎದ್ದಾಗ ಒಂದು ದಾರಿ ಹೊಳೆದಿತ್ತು. ಅದು ನನ್ನ ಬುದ್ಧಿಯಿಂದ ಬಂದದ್ದಲ್ಲ.

ಅಂದು ಸಂಜೆ ಕುರ್ಚಿ ಬದಲಾಯಿಸಿದೆ. ಪೆನ್ಸಿಲನ್ನು ರೇಡಿಯೋ ಕೈಗೆ ಕೊಟ್ಟು, ಪುಸ್ತಕವನ್ನು ಅವಳ ಮುಂದಿಟ್ಟೆ. ಅದೇ ಪುಸ್ತಕದ ಇನ್ನೊಂದು ಪ್ರತಿ ನನ್ನ ಕೈಯಲ್ಲಿತ್ತು.

“ಇವತ್ತಿಂದ ನಾನು ಓದೋದು, ನೀನು ನೋಡೋದು. ನಾನು ಬೇಕಂತಲೇ ಅಲ್ಲಲ್ಲಿ ತಪ್ಪು ಓದ್ತೀನಿ. ಹಿಡಿದ ಕೂಡಲೇ ನಿಲ್ಲಿಸ್ಬೇಕು. ನಿಲ್ಲಿಸ್ದೇ ಹೋದ್ರೆ ನಾನು ಓದ್ತಾನೇ ಇರ್ತೀನಿ.”

“ನಿಮ್ಮ ತಪ್ಪು ನಾನು ಹಿಡಿಯೋದಾ?”

“ನೀನಲ್ಲದೆ ಇನ್ಯಾರು?”

ಇಪ್ಪತ್ತಾರು ವರ್ಷ ಕೇಳಿಸಿಕೊಂಡವನಿಗೆ ಗಟ್ಟಿಯಾಗಿ ಓದಿ ಅಭ್ಯಾಸವೇ ಇರಲಿಲ್ಲ. ಎರಡು ಪ್ಯಾರಾ ಮುಗಿಯುವಷ್ಟರಲ್ಲಿ ಗಂಟಲು ಒಣಗಿತು. ನಾನು ನಿಧಾನವಾಗಿ ಓದಿದೆ. ಅವಳ ಬೆರಳು ಸಾಲಿನ ಮೇಲೆ ನನ್ನ ದನಿಯ ಹಿಂದೆ ಹಿಂದೆ ಬಂತು. ಮೂರು ತಪ್ಪು ಅವಳಿಗೆ ತಿಳಿಯದೆ ದಾಟಿಹೋದವು. ಹಡಗು ಬಂದರಿಗೆ ಬಂದು, ನಾವಿಕರು ದಡಕ್ಕೆ ಹಗ್ಗ ಎಸೆಯುವ ಜಾಗ ಬಂತು.

“ನಾವಿಕರು ದಡಕ್ಕೆ ಹಲ್ಲು ಎಸೆದರು ಫುಲ್‌ಸ್ಟಾಪ್.”

ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು.

“ನಿಲ್ಲು! ನಿಲ್ಲು ತಾತ! ಹಗ್ಗ! ಹಲ್ಲಲ್ಲ, ಹಗ್ಗ!”

“ಹೌದಾ? ಹಲ್ಲು ಇದ್ದ ಹಾಗಿತ್ತಲ್ಲ.”

“ಎಸೆಯೋಕೆ ಅವೇನು ನಿನ್ನ ಕಟ್ಟಿಸಿದ ಹಲ್ಲಾ?” ಎಂದು ಬಿದ್ದು ಬಿದ್ದು ನಕ್ಕಳು. ಅವಳ ಅಜ್ಜಿ ಹೋದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ಜೋರು ನಗು ಅದು.

ಅಡುಗೆಮನೆಯಿಂದ ಸೊಸೆ ಗದರಿದಳು, “ತಾತನಿಗೆ ನಿಲ್ಲು ಅಂತಾರೇನೆ?”

“ಬಿಡಮ್ಮ. ಕೆಲಸದ ಹೊತ್ತಲ್ಲಿ ಅವಳೇ ದೊಡ್ಡವಳು.”

ದಿನಕ್ಕೆ ಒಂದು ಪುಟವಿದ್ದದ್ದು ಎರಡಾಯಿತು. ತಪ್ಪುಗಳನ್ನು ನಾನು ಸಣ್ಣದಾಗಿಸುತ್ತ ಹೋದೆ. ಮೊದಲು ಅರ್ಥವೇ ಕೆಡುವ ತಪ್ಪು. ಆಮೇಲೆ ‘ಬಂದನು’ ಇದ್ದಲ್ಲಿ ‘ಬಂದರು’. ಆಮೇಲೆ ಇಡೀ ಒಂದು ಪದವನ್ನೇ ಹಾರಿಸುವುದು. ಅವಳು ಹದ್ದಿನ ಹಾಗೆ ಕಾಯುತ್ತಿದ್ದಳು. ತರಕಾರಿ ಅಂಗಡಿಯ ಬೋರ್ಡಿನಲ್ಲಿ ತಪ್ಪು ಕಂಡುಹಿಡಿದು ಅಂಗಡಿಯವನಿಂದ ಬೈಸಿಕೊಂಡು ಬಂದಳು. “ತರಕಾರಿ ಚೆನ್ನಾಗಿದೆಯಾ ಇಲ್ವಾ ಅಷ್ಟು ನೋಡಮ್ಮ,” ಅಂದನಂತೆ.

ಒಂದು ಸಂಜೆ ಮಗ ಬೇಗ ಬಂದ. ಬೂಟು ಕಳಚಿ ನಮ್ಮ ಆಟ ನೋಡುತ್ತ ನಿಂತ. “ಕೊಡಪ್ಪ, ನಿನ್ನ ಗಂಟಲು ಹೋಗಿದೆ, ನಾನು ಓದ್ತೀನಿ,” ಎಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. ಮೊದಲ ಸಾಲಿನಲ್ಲೇ ತಡವರಿಸಿದ. ಎರಡನೆಯ ಸಾಲಿನಲ್ಲಿ ಉದ್ದದ ಪದವೊಂದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋದ.

“ನಿಲ್ಲಪ್ಪ,” ಎಂದಳು ರೇಡಿಯೋ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ನಿಲ್ಲು.” ಮೂರನೆಯ ಸಲ ಪೆನ್ಸಿಲ್ ಕೆಳಗಿಟ್ಟು ಅವನ ಮುಖ ನೋಡಿದಳು. “ಅಪ್ಪ, ಇದು ಬೇಕಂತ ತಪ್ಪಿದ್ದಾ?”

ಮಗನ ಕಿವಿ ಕೆಂಪಾಯಿತು. ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು, ಬಸ್ಸಿನ ಬೋರ್ಡಿನ ಮಾತು ಎತ್ತಲಿಲ್ಲ.

“ಹೂಂ… ಬೇಕಂತಲೇ,” ಎಂದ ಮಗ.

“ಚೆನ್ನಾಗಿ ಮಾಡ್ತೀಯ. ತಾತನಿಗಿಂತ ಕಷ್ಟದ ತಪ್ಪು ಮಾಡ್ತೀಯ. ಸರಿ, ಓದು.”

ಅವನು ಓದಿದ. ಅಂದಿನಿಂದ ವಾರಕ್ಕೆರಡು ಸಲ ಅವನೇ ಕೇಳಿಕೊಂಡು ಓದುತ್ತಿದ್ದ. ಊಟಕ್ಕೆ ಕೂರುವಾಗ ಅವನ ಫೋನು ಬಸ್ಸಿನ ಚೀಲದಲ್ಲೇ ಉಳಿಯತೊಡಗಿತು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಐದನೆಯ ವಾರ ನನಗೆ ನೆಗಡಿಯಾಗಿ ಸ್ವರವೇ ಹೊರಡಲಿಲ್ಲ. ಮಗ ಕೆಲಸದಲ್ಲಿದ್ದ. ರೇಡಿಯೋ ಪುಸ್ತಕ ಹಿಡಿದು ಸ್ವಲ್ಪ ಹೊತ್ತು ಕೂತಳು. “ಮುಂದೇನಾಯ್ತು ಅಂತ ಗೊತ್ತಾಗ್ಬೇಕಲ್ಲ,” ಎಂದು ಗೊಣಗಿ, ತಾನೇ ಗಟ್ಟಿಯಾಗಿ ಓದತೊಡಗಿದಳು. ನಾನು ಪೆನ್ಸಿಲನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ಹನ್ನೊಂದು ತಪ್ಪು ಕೇಳಿಸಿದವು. ಹನ್ನೊಂದನ್ನೂ ನುಂಗಿದೆ. ಸ್ವರ ಇದ್ದಿದ್ದರೆ ನುಂಗುತ್ತಿದ್ದೆನೋ ಇಲ್ಲವೋ. ನೆಗಡಿಯನ್ನು ಕೊಟ್ಟವನಿಗೆ ಅದು ಗೊತ್ತು.

“ಸತ್ತು ಮಲಗಿದ್ದ ನಾಯಿ ಎದ್ದು ಬೊಗಳಿತು,” ಎಂದು ಓದಿದಳು. ಮುಂದೆ ಹೋಗಲಿಲ್ಲ. ಹುಬ್ಬು ಗಂಟಿಕ್ಕಿದಳು. “ಇದು ಹೀಗಿರೋಕೆ ಸಾಧ್ಯವೇ ಇಲ್ಲ. ಸತ್ತಿರೋ ನಾಯಿ ಹೇಗೆ ಬೊಗಳುತ್ತೆ?” ಬೆರಳಿಟ್ಟು ಹಿಂದಕ್ಕೆ ಹೋದಳು. “ಸೋ… ಸೋತು. ಸೋತು ಮಲಗಿದ್ದ ನಾಯಿ. ಹಾಂ, ಹಾಗೆ ಹೇಳು ಮತ್ತೆ!” ಎಂದು ಪುಸ್ತಕಕ್ಕೇ ಬೈದು ಮುಂದೆ ಓದಿದಳು.

ನನ್ನ ಕೆಮ್ಮಿನ ನೆಪದಲ್ಲಿ ಎದ್ದು ಹೋಗಿ ಕಣ್ಣೊರೆಸಿಕೊಂಡು ಬಂದೆ.

ಪರೀಕ್ಷೆಯ ದಿನ ಸೊಸೆ ರಜೆ ಹಾಕಿದಳು. ನಾವಿಬ್ಬರೂ ತರಗತಿಯ ಹೊರಗೆ ಬೆಂಚಿನ ಮೇಲೆ ಕುಳಿತೆವು. ಬಾಗಿಲು ತೆರೆದೇ ಇತ್ತು. ಒಳಗೆ ಹೆಡ್‌ಮೇಡಂ, ಪಕ್ಕದಲ್ಲಿ ಟೀಚರು, ಎದುರು ರೇಡಿಯೋ, ಕೈಯಲ್ಲಿ ಎಂದೂ ನೋಡಿರದ ಹಾಳೆ.

ಅವಳು ಶುರು ಮಾಡಿದಳು. ಕಾಲುವೆಯ ಸೇತುವೆ ಕಾಯುವ ಒಬ್ಬ ಮುದುಕಿಯ ಕಥೆ. ದೋಣಿ ಬಂದಾಗ ಸೇತುವೆ ಎತ್ತುವುದು ಆಕೆಯ ಕೆಲಸ. ಬೇರೆ ಮಕ್ಕಳು ಮೂರು ನಿಮಿಷಕ್ಕೆ ಮುಗಿಸುವ ಪುಟ ಇವಳಿಗೆ ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಸೊಸೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಬ್ರೆಡ್ಡಿನ ಒಲೆಯಿಂದ ಗಟ್ಟಿಯಾದ ಬೆರಳುಗಳು, ಹಿಡಿದ ಕಡೆ ಕೆಂಪಾಗಿತ್ತು.

“ಈ ಪದ ಬರ್ತಿಲ್ಲ ಮಿಸ್. ಮುಂದೆ ಹೋಗಿ ವಾಪಸ್ ಬರಲಾ?”

“ಬಾ,” ಎಂದರು ಟೀಚರು.

ಹೆಡ್‌ಮೇಡಂ ಗಡಿಯಾರ ನೋಡಿದರು. “ಬಹಳ ಹೊತ್ತಾಯ್ತಲ್ಲ.”

“ನಿಯಮದಲ್ಲಿ ಓದಬೇಕು, ಹೇಳಬೇಕು ಅಂತಷ್ಟೇ ಇರೋದು ಮೇಡಂ,” ಎಂದರು ಟೀಚರು. “ ಇಷ್ಟು ಹೊತ್ತಲ್ಲೇ ಅಂತ ಎಲ್ಲೂ ಬರೆದಿಲ್ಲ. ನೀವೂ ಓದಿ ನೋಡಿ ಬೇಕಾದ್ರೆ.”

ಹೆಡ್‌ಮೇಡಂ ನಕ್ಕು ಕೈಕಟ್ಟಿ ಕುಳಿತರು. ರೇಡಿಯೋ ಮುಂದೆ ಹೋದಳು, ವಾಪಸ್ ಬಂದಳು, ಆ ಪದವನ್ನು ಹಿಡಿದಳು, ಪುಟ ಮುಗಿಸಿದಳು. “ಈಗ ಹಾಳೆ ಕೊಡು. ಏನಿತ್ತು ಹೇಳು,” ಎಂದರು ಹೆಡ್‌ಮೇಡಂ.

ಎಲ್ಲಿ ಹಳೆಯ ಪಾಠವನ್ನು ಒಪ್ಪಿಸಿಬಿಡುತ್ತಾಳೋ ಎಂದು ಹೆದರಿದೆ. ಅವಳು ಒಪ್ಪಿಸಲಿಲ್ಲ.

“ಒಂದಿನ ಆ ಅಜ್ಜಿ ನಿದ್ದೆ ಹೋಗಿಬಿಡ್ತಾಳೆ ಮಿಸ್. ದೋಣಿಯವರು ಪಾಪ ಮಲಗಲಿ ಅಂತ ಎಬ್ಬಿಸದೇ ಮಧ್ಯಾಹ್ನದವರೆಗೂ ಕಾಯ್ತಾರೆ. ಮೀನೆಲ್ಲ ಕೆಟ್ಟು ಹೋಗುತ್ತೆ. ಕಥೇಲಿ ಅವರು ಒಳ್ಳೆಯವರು ಅಂತಿದೆ. ಆದ್ರೆ ಎಬ್ಬಿಸಬೇಕಿತ್ತು ಮಿಸ್. ಎದ್ದ ಮೇಲೆ ಆ ಅಜ್ಜಿಗೆ ಎಷ್ಟು ಬೇಜಾರಾಗಿರುತ್ತೆ! ನನ್ನಿಂದ ಹೀಗಾಯ್ತು ಅಂತ ಒಬ್ಬಳೇ ಕೂತು ಅಳ್ತಾಳೆ.”

ಹೆಡ್‌ಮೇಡಂ ಪುಸ್ತಕದಲ್ಲಿ ಏನೋ ಬರೆದರು. “ಎಂಟರಲ್ಲೇ ಇರು. ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಿಸ್ ಹತ್ರ ಕೂತು ಓದಬೇಕು. ಇನ್ನೂ ಬಹಳ ನಿಧಾನ.”

“ನಿಧಾನ ಹೌದು ಮೇಡಂ,” ಎಂದು ಒಪ್ಪಿಕೊಂಡು ಹೊರಗೆ ಬಂದಳು. ಅವಳ ತಾಯಿ ಅವಳ ತಲೆಯನ್ನು ಎದೆಗೊತ್ತಿಕೊಂಡು ಬಿಡಲೇ ಇಲ್ಲ.

ಒಂಬತ್ತು ಮಕ್ಕಳಲ್ಲಿ ನಾಲ್ವರು ಉಳಿದರು, ಐವರು ಹಿಂದಕ್ಕೆ ಹೋದರು. ಅವರಲ್ಲೊಬ್ಬಳು ಗೇಟಿನ ಬಳಿ ಚೀಲ ಅಪ್ಪಿಕೊಂಡು ನಿಂತಿದ್ದಳು. ರೇಡಿಯೋ ಅವಳ ಹತ್ತಿರ ಹೋಗಿ ಏನನ್ನೋ ಹೇಳಿದಳು. ಮರಳಿ ಬಂದು, “ತಾತ, ನಾಳೆಯಿಂದ ಸಂಜೆ ಇವಳೂ ಬರ್ತಾಳೆ. ತಪ್ಪು ಜಾಸ್ತಿ ಮಾಡ್ಬೇಕಾಗುತ್ತೆ ನೀನು,” ಎಂದಳು.

ಮನೆಗೆ ಬಂದು ಕೈಕಾಲು ತೊಳೆದು, ಎಂದಿನ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದೆ. ಆ ಬೆಳಗಿನಿಂದ ಆರು ವಾರ ಬಾರದಿದ್ದ ಪ್ರಾರ್ಥನೆ ತಾನಾಗಿ ಬಂತು.

ತಂದೆಯೇ, ನನ್ನ ಜೊತೆಗಾತಿ ನಿನ್ನ ಬಳಿ ಬಂದಿದ್ದಾಳೆ. ನನಗೆ ಹೆದರಿ ಹೇಳದೆ ಒಂದು ಭಾರವನ್ನು ಹೊತ್ತುಕೊಂಡೇ ಬಂದಿದ್ದಾಳೆ. ಮಗುವಿನ ಕಣ್ಣು ಕಿತ್ತುಕೊಂಡೆನೆಂದು ಆಕೆ ಅತ್ತದ್ದನ್ನು ನೀನು ಕಂಡಿದ್ದೀಯೆ. ಎದುರಿಗಿದ್ದ ನಾನು ಕಾಣಲಿಲ್ಲ. ಮಗು ಇಂದು ಓದಿತೆಂದು ಆಕೆಗೆ ತಿಳಿಸು. ಆ ಭಾರವನ್ನು ಆಕೆಯ ಕೈಯಿಂದ ಇಳಿಸಿಕೋ. ಆಕೆಯ ತಪ್ಪುಗಳನ್ನು ನಾನು ನೋಡಿದ ಹಾಗೆ ನೋಡಬೇಡ. ನೀನು ನೋಡುವ ಹಾಗೆ ನೋಡು. ಆ ಕೈಗಳು ಇನ್ನು ನಡುಗದಿರಲಿ. ನಿನ್ನ ಸನ್ನಿಧಿಯಲ್ಲಿ ಆಕೆಗೆ ನೆಮ್ಮದಿಯ ನಿದ್ದೆ ದೊರೆಯಲಿ.